ಸನ್ಮಾನದ ತೆಂಗಿನಕಾಯಿ

ಕಡೂರು ಸೀಮೆಯ ಹೈಸ್ಕೂಲುಗಳಲ್ಲಿ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ ಆ ನಿವೃತ್ತ ಮೇಷ್ಟ್ರಿಗೆ ಸನ್ಮಾನದ ಶಾಲು ಹೊದಿಸಿದರೆ ಮೈ ತುರಿಸುತ್ತಿತ್ತು. ಸ್ವಾಗತ ಭಾಷಣ ಮುಗಿಯುವವರೆಗೆ ಕನ್ನಡಕ ಒರೆಸುತ್ತ ಕೂತಿರುತ್ತಿದ್ದರು. ಭಾಷಣ ಉದ್ದವಾದಷ್ಟೂ ಗಾಜು ಹೊಳೆಯುತ್ತಿತ್ತು. ಎದ್ದು ನಿಂತರೆ ಮೊದಲ ಮಾತು ಒಂದೇ: "ನನ್ ಮಾತೂ ನಂಬ್ಬೇಡಿ ಕಣ್ರೋ, ಮಾಡಿ ನೋಡಿ."

ಪಂಚನಹಳ್ಳಿ ಕಡೆಯ ಒಂದು ಶಾಲೆಗೆ ನಾನೂ ಜೊತೆಗೆ ಹೋಗಿದ್ದೆ. ಅಂತರ್ಜಲದ ಉಪನ್ಯಾಸ ಮುಗಿದಾಗ ಒಬ್ಬ ಹುಡುಗಿ ಎದ್ದಳು.

"ಸಾರ್, ನಮ್ ಸ್ಕೂಲ್ ಬೋರ್‌ವೆಲ್‌ಗೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ನೋಡಿದ್ರು. ನೀರಿರೋ ಕಡೆ ಕಾಯಿ ಎದ್ದು ನಿಲ್ತದಂತೆ. ನಿಜವಾ?"

ಕಾಯಿ ಹಿಡಿದಿದ್ದವರು ಅಂದಿನ ಸಭೆಯ ಘನ ಅಧ್ಯಕ್ಷರೇ. ವಿಜ್ಞಾನಕ್ಕೆ ಅವರು ಸಲ್ಲಿಸಿದ್ದ ಏಕೈಕ ಸೇವೆ ಅದು.

"ಲೇ, ಕೂತ್ಕೊಳೇ! ದೊಡ್ಡೋರ್ನ ಪ್ರಶ್ನೆ ಮಾಡೋದು ಯಾರೇ ಕಲ್ಸಿದ್ದು?" ಎಂದು ಗುಡುಗಿದರು. ಹುಡುಗಿಯ ಕಣ್ಣು ತುಂಬಿತು.

"ನಾನೇ ಸ್ವಾಮಿ, ಈಗ ತಾನೆ," ಎಂದ ಮೇಷ್ಟ್ರು ತಮ್ಮ ಸನ್ಮಾನದ ತಟ್ಟೆಯಲ್ಲಿದ್ದ ಕಾಯಿ ಎತ್ತಿ ಅವರ ಮುಂದೆ ಹಿಡಿದರು. "ಕಣ್ ಕಟ್ಕೊಂಡು ಇನ್ನೊಂದ್ಸಲ ಅದೇ ಜಾಗ ತೋರ್ಸಿ, ನೋಡೋಣ."

ಮಕ್ಕಳು ನಕ್ಕರು. ತಕ್ಷಣ ಮೈಕ್ ಸತ್ತಿತು. ವಂದನಾರ್ಪಣೆ ಮಾತ್ರ ಮೈಕಿಲ್ಲದೆಯೂ ಸಾಂಗವಾಗಿ ನೆರವೇರಿತು.

ಮತ್ತೆ ಆ ಕಡೆಯ ಯಾವ ಶಾಲೆಯೂ ಅವರನ್ನು ಕರೆಯಲಿಲ್ಲ. ಅಧ್ಯಕ್ಷರು ಇನ್ನೂ ಅಧ್ಯಕ್ಷರೇ. ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಅಂದು ಹೊರಗೆ ಬಂದವರೇ ಮೇಷ್ಟ್ರು ಹುಡುಗಿಯ ಕಣ್ಣಿಗೆ ಶಾಲು ಕಟ್ಟಿ, ಅಂಗೈ ಮೇಲೆ ಕಾಯಿ ಇಟ್ಟರು. ಅವಳು ಮೆಲ್ಲಗೆ ಅಂಗಳದಲ್ಲಿ ನಡೆಯತೊಡಗಿದಳು. ಅಧ್ಯಕ್ಷರ ಕಾರು ಹಿಂದಿನಿಂದ ಹಾರ್ನ್ ಹೊಡೆಯಿತು. ಮೇಷ್ಟ್ರು ಕಾರಿಗೆ ಅಡ್ಡ ನಿಂತು, ಕನ್ನಡಕ ತೆಗೆದು ಒರೆಸತೊಡಗಿದರು.