ಡಬ್ಬಿಯೊಳಗಿನ ಬೆಲ್

ಮೊದಲು ಇಳಿದದ್ದು ನನ್ನ ತಂಗಿ ಶಂಶಾದಳ ಎಡಗಣ್ಣಿನ ರೆಪ್ಪೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಶಂಶಾದಳ ಗಂಡ ಖಾಸಿಂನದು ತಗಡಿನ ಕೆಲಸದ ಅಂಗಡಿ. ಕೆಳಗೆ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಎರಡು ಕೋಣೆ. ಮದುವೆಯ ಟ್ರಂಕು ಮಾಡುತ್ತಿದ್ದವರು, ಅದಿರಿನ ಲಾರಿಗಳು ಹೆಚ್ಚಿದ ಮೇಲೆ ಬರೀ ಲಾರಿಯ ಟೂಲ್ ಬಾಕ್ಸ್ ಮಾಡತೊಡಗಿದ್ದರು. ಬಾಕ್ಸಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆಯುವುದು ಶಂಶಾದಳ ಕೆಲಸ. ಅವಳ ಕೈ ಎಂದೂ ತಪ್ಪಿದ್ದಿಲ್ಲ. ಆ ಸಂಜೆ ಒಂದು ಗೆರೆಯ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದಳು.

"ಆಪಾ, ನನಗ ಎಲ್ಲಾ ಎರಡೆರಡು ಕಾಣಾಕತ್ಯಾವ."

"ಟೈಮಿಗೆ ಸರಿಯಾಗಿ ಮಕ್ಕೋ. ಎಲ್ಲಾ ಸರಿಹೋಗತೈತಿ."

ನನ್ನ ಬಳಿ ಎಲ್ಲ ಕಾಯಿಲೆಗೂ ಅದೇ ಔಷಧ. ಸಿರುಗುಪ್ಪದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ವಾರ್ಡನ್ ಆಗಿದ್ದವಳು ನಾನು. ಐದಕ್ಕೆ ಏಳುವುದು, ಏಳಕ್ಕೆ ತಿಂಡಿ, ಎರಡು ಹೊತ್ತು ಹಾಜರಿ. ನಿವೃತ್ತಿಯಾದ ಮೇಲೆ ತಂಗಿಯ ಮನೆಗೆ ಬಂದಾಗ ಬಟ್ಟೆಬರೆಯ ಜೊತೆಗೆ ವೇಳಾಪಟ್ಟಿಯನ್ನೂ ತಂದಿದ್ದೆ.

ಬೆಳಿಗ್ಗೆ ರೆಪ್ಪೆ ಸರಿಯಿರುತ್ತಿತ್ತು. ಸಂಜೆಗೆ ಇಳಿಯುತ್ತಿತ್ತು. ಆಮೇಲೆ ಮಾತು ಮೂಗಿನಿಂದ ಬರತೊಡಗಿತು. ರೊಟ್ಟಿ ಅಗಿಯುತ್ತಾ ಅಗಿಯುತ್ತಾ ದವಡೆ ಸೋತು, ಕೈಯಿಂದ ಗದ್ದ ಹಿಡಿದುಕೊಳ್ಳುತ್ತಿದ್ದಳು.

ನ್ಯೂರಾಲಜಿಸ್ಟ್ ಕಿರಿಯ ವಯಸ್ಸಿನ ಡಾಕ್ಟರಮ್ಮ. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ನಾನು ಸಂತೋಷಪಟ್ಟೆ. ಡಾಕ್ಟರು ಸಂತೋಷಪಡಲಿಲ್ಲ; ತಂಪಿಗೆ ರೆಪ್ಪೆ ಏಳುವುದೇ ಕಾಯಿಲೆಯ ಸುಳಿವಂತೆ. ರಕ್ತದ ಟೆಸ್ಟು, ಇಎಂಜಿ, ಎದೆಯ ಸಿ.ಟಿ. ಸ್ಕ್ಯಾನ್ ಆದವು.

ಮೈಸ್ತೇನಿಯಾ ಗ್ರೇವಿಸ್.

"ನರ ಕೊಟ್ಟ ಸುದ್ದಿ ಸ್ನಾಯುವಿಗೆ ಸರಿಯಾಗಿ ಮುಟ್ಟೋದಿಲ್ಲ" ಎಂದರು ಡಾಕ್ಟರು. "ನಾಲ್ಕು ಗಂಟೆಗೊಮ್ಮೆ ಮಾತ್ರೆ. ಟೈಮ್ ತಪ್ಪಬಾರದು. ಆದರೆ ಉಸಿರು ಸಾಲದು ಅನ್ನಿಸಿದರೆ, ನುಂಗೋಕೆ ಆಗದಿದ್ದರೆ, ಮುಂದಿನ ಮಾತ್ರೆಗೆ ಕಾಯಬೇಡಿ. ತಕ್ಷಣ ಕರ್ಕೊಂಡು ಬನ್ನಿ."

ಮೊದಲ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ನಿಂತಿತು. ಎಂಟು, ಹನ್ನೆರಡು, ನಾಲ್ಕು, ಎಂಟು. ಎರಡನೆಯ ಮಾತು ಅಷ್ಟು ನಿಲ್ಲಲಿಲ್ಲ.

ಶಂಶಾದಳಿಗೆ ಕೂಗಲು ಆಗುತ್ತಿರಲಿಲ್ಲ. ಕೂಗಿದರೂ ಕೆಳಗಿನ ಸುತ್ತಿಗೆಗಳ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ನಾನು ಮೆಟ್ಟಿಲು ಹತ್ತಿ ನೋಡಿ ಬರುತ್ತಿದ್ದೆ, ಹಾಸ್ಟೆಲಿನ ರೌಂಡ್ಸ್‌ನಂತೆ. ನನ್ನ ಮೊಣಕಾಲು ನೋಡಿ ಖಾಸಿಂ ಒಂದು ವೈರ್‌ಲೆಸ್ ಡೋರ್‌ಬೆಲ್ ತಂದ. ಬಟನ್ ಮಂಚದ ಮೇಲೆ, ಬೆಲ್ ಅಡುಗೆಮನೆಯಲ್ಲಿ. ಒತ್ತಿದರೆ ಹಕ್ಕಿ ಕೂಗುತ್ತಿತ್ತು.

"ನೂರು ಮೀಟರ್ ತನಕಾ ಕೇಳತೈತಿ ಅಂತ ಬರದಾರ, ಆಪಾ. ನಮ್ಮನಿ ಮೂವತ್ತು ಹೆಜ್ಜಿ ಇಲ್ಲ" ಎಂದ.

ನಾನು ರೌಂಡ್ಸ್ ನಿಲ್ಲಿಸಿದೆ.

ಆ ಬೆಲ್ಲಿನಿಂದ ನೆಮ್ಮದಿ ಸಿಕ್ಕಿತೆಂದು ಹೇಳಲಾರೆ. ಅಂಗಡಿಯ ಗೋಡೆಗೆ ಆನಿಸಿಟ್ಟರೆ ಕೂಗುತ್ತಿರಲಿಲ್ಲ. ಗೋಡೆಯ ಆಚೆ ತಗಡುಗಳ ರಾಶಿಯಿತ್ತು. ಮೆಟ್ಟಿಲ ಬಳಿಯ ಗೂಡಿಗೆ ತಂದಿಟ್ಟೆ. ಅಲ್ಲಿ ಕೂಗಿತು. ಆದರೆ ದಿನಕ್ಕೆ ಹತ್ತು ಸಲ ಕೂಗಿತು. ಪ್ರತಿ ಸಲ ಮೇಲೆ ಓಡಿದರೆ ಶಂಶಾದ್ ನಿದ್ದೆಯಲ್ಲಿರುತ್ತಿದ್ದಳು, ಇಲ್ಲವೇ ನನ್ನನ್ನೇ ಗಾಬರಿಯಿಂದ ನೋಡುತ್ತಿದ್ದಳು.

"ಸುಮ್ಮಸುಮ್ಮನ ಒತ್ತಬ್ಯಾಡ ಲೇ. ನನ್ನ ಕಾಲು ಕಾಲಲ್ಲೇನು?"

"ನಾ ಒತ್ತಿಲ್ಲ ಆಪಾ."

ನಾನು ನಂಬಲಿಲ್ಲ. ಆದರೆ ಒತ್ತಿದ್ದು ನಿಜಕ್ಕೂ ಅವಳಲ್ಲ. ಹಿಂದಿನ ಓಣಿಯಲ್ಲಿ ಲಾರಿ ಮಾಲೀಕರೊಬ್ಬರು ಹೊಸ ಮನೆ ಕಟ್ಟಿ, ಗೇಟಿಗೆ ಅದೇ ಕಂಪನಿಯ ಬೆಲ್ ಹಾಕಿಸಿದ್ದರು. ಅವರ ಮನೆಗೆ ಯಾರೇ ಬಂದರೂ ನಮ್ಮ ಹಕ್ಕಿ ಕೂಗುತ್ತಿತ್ತು. ಎರಡೂ ಬೆಲ್ಲಿನ ಗುರುತು ಬೇರೆಯಾಗುವಂತೆ ಖಾಸಿಂ ಒಳಗಿನ ಪುಟ್ಟ ಪಿನ್ನುಗಳ ಜಾಗ ಬದಲಿಸಿದ. ಸುಳ್ಳು ಕೂಗು ನಿಂತಿತು. ತಂಗಿಯ ಕ್ಷಮೆ ಕೇಳುವುದು ನನ್ನ ವೇಳಾಪಟ್ಟಿಯಲ್ಲಿ ಇರಲಿಲ್ಲ.

ಆಮೇಲೆ ಅದಿರಿನ ಧೂಳು. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಿಗ್ಗೆ ಒರೆಸಿದ ಪಾತ್ರೆ ಮಧ್ಯಾಹ್ನಕ್ಕೆ ಕೆಂಪು. ರೇಡಿಯೋಗೆ, ಮಿಕ್ಸರ್‌ಗೆ, ಫೋನಿಗೆ ನಾನು ಹೊದಿಕೆ ಹೊಲಿದಿದ್ದೆ. ಬೆಲ್ಲಿನ ಸ್ಪೀಕರಿಗೂ ಧೂಳು ತುಂಬಿ ಹಕ್ಕಿಯ ದನಿ ಕಟ್ಟಿತು. ಖಾಸಿಂನಿಂದ ಅಳತೆಗೆ ಸರಿಯಾಗಿ ಒಂದು ತಗಡಿನ ಡಬ್ಬಿ ಮಾಡಿಸಿದೆ. ಸದ್ದು ಹೊರಗೆ ಬರಲೆಂದು ಮುಚ್ಚಳಕ್ಕೆ ಮೊಳೆಯಿಂದ ಸಣ್ಣ ತೂತುಗಳು. ತೂತಿನ ಒಳಗಡೆ ತೆಳು ಬಟ್ಟೆ. ನೋಡಿ ಹೆಮ್ಮೆಪಟ್ಟೆ.

ಪ್ರತಿದಿನ ಆರಕ್ಕೆ ಬೆಲ್ ಹೊರತೆಗೆದು ಒರೆಸಿ, ಶಂಶಾದಳಿಗೆ ಬಟನ್ ಒತ್ತಲು ಹೇಳುತ್ತಿದ್ದೆ. ಕೂಗುತ್ತಿತ್ತು. ನೋಟ್‌ಬುಕ್ಕಿನಲ್ಲಿ 'ಸರಿ' ಎಂದು ಬರೆಯುತ್ತಿದ್ದೆ. ಆಮೇಲೆ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದೆ.

ನಾಲ್ಕು ದಿನ ಬೆಳಗಿನ ಪರೀಕ್ಷೆ ಬಿಟ್ಟರೆ ಬೆಲ್ ಕೂಗಲಿಲ್ಲ. ತಂಗಿ ಸುಧಾರಿಸುತ್ತಿದ್ದಾಳೆ ಎಂದುಕೊಂಡೆ.

ಐದನೆಯ ದಿನ ಖಾಸಿಂ ಬಾಕ್ಸುಗಳನ್ನು ಕೊಡಲು ಕುರುಗೋಡಿಗೆ ಹೋಗಿದ್ದ. ಅಂಗಡಿಯಲ್ಲಿ ಕೆಲಸದವರು ತಗಡು ಬಡಿಯುತ್ತಿದ್ದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಲೇ ನನ್ನ ಅಡುಗೆ ಮುಗಿಯಿತು. ಮೇಲೆ ಹೋಗಬಹುದಿತ್ತು. ಆದರೆ ಮಾತ್ರೆಯ ವೇಳೆ ಆಗಿರಲಿಲ್ಲ, ಬೆಲ್ಲೂ ಕೂಗಿರಲಿಲ್ಲ. ಮಾತ್ರೆ, ನೀರು ತಟ್ಟೆಯಲ್ಲಿಟ್ಟುಕೊಂಡು ಗಡಿಯಾರದ ಎದುರು ಸ್ಟೂಲಿನ ಮೇಲೆ ಕೂತೆ.

ಹತ್ತು ನಿಮಿಷ ಕೂತೆ.

ಹನ್ನೆರಡಕ್ಕೆ ಸರಿಯಾಗಿ ಮೇಲೆ ಹೋದಾಗ ಶಂಶಾದ್ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಕತ್ತು ನಿಲ್ಲುತ್ತಿರಲಿಲ್ಲ. ಬಾಯಿಂದ ಜೊಲ್ಲು ಸುರಿದು ಎದೆಯ ಬಟ್ಟೆ ಒದ್ದೆಯಾಗಿತ್ತು. ತುಟಿಯ ಬಣ್ಣ ಬದಲಾಗಿತ್ತು. ಹೆಬ್ಬೆರಳು ಬಟನ್ನಿನ ಮೇಲೇ ಇತ್ತು. ಬಟನ್ನಿನ ಕೆಂಪು ದೀಪ ಉರಿಯುತ್ತಿತ್ತು.

ಕೆಳಗೆ ಬೆಲ್ ಸುಮ್ಮನಿತ್ತು.

ಕೆಲಸದವರು ಸುತ್ತಿಗೆ ಬಿಸಾಕಿ ಬಂದು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿ ಆಟೋಗೆ ಹತ್ತಿಸಿದರು. ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ಕೇಳಿದರು: "ಯಾವಾಗಿನಿಂದ ಹೀಗಿದೆ?"

ನನಗೆ ಗೊತ್ತಿರಲಿಲ್ಲ. ಮುನ್ನೂರು ಹುಡುಗಿಯರು ಯಾವ ಹೊತ್ತಿಗೆ ಎಲ್ಲಿದ್ದರೆಂದು ಹೇಳಬಲ್ಲವಳಾಗಿದ್ದೆ. ಒಬ್ಬಳೇ ತಂಗಿ ಯಾವಾಗ ಉಸಿರಿಗೆ ಒದ್ದಾಡತೊಡಗಿದಳೆಂದು ಹೇಳಲಾಗಲಿಲ್ಲ.

ಐಸಿಯು. ವೆಂಟಿಲೇಟರ್. ಹನ್ನೊಂದು ದಿನ.

ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ಐದಕ್ಕೆ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ವೇಳಾಪಟ್ಟಿಯೊಂದು ಕ್ರೂರವಾಗಿರಬಹುದೆಂದು ಅಲ್ಲಿ ನನಗೆ ಮೊದಲ ಸಲ ಅನ್ನಿಸಿತು. ಶಂಶಾದಳ ಗಂಟಲಲ್ಲಿ ಟ್ಯೂಬ್ ಇತ್ತು. ಎಚ್ಚರವಿದ್ದಳು. ಹೆಬ್ಬೆರಳಿಂದ ನನ್ನ ಅಂಗೈಯನ್ನು ಒತ್ತುತ್ತಿದ್ದಳು. ಮತ್ತೆ ಮತ್ತೆ ಒತ್ತುತ್ತಿದ್ದಳು.

ಏಳನೆಯ ದಿನ ಸ್ನಾನಕ್ಕೆಂದು ಮನೆಗೆ ಬಂದಾಗ ಖಾಸಿಂನ ಗೆಳೆಯ ಬಸಣ್ಣ ಬಂದಿದ್ದ. ಕುರುಗೋಡಿನಲ್ಲಿ ರೇಡಿಯೋ ರಿಪೇರಿ ಮಾಡುವವನು. ಕೆಟ್ಟ ಮಾಲು ಕೊಟ್ಟರೆಂದು ನಾನು ಬೆಲ್ ಕಂಪನಿಯನ್ನು ಬೈದೆ. ಬಸಣ್ಣ ಖಾಸಿಂನನ್ನು ಬಟನ್ ಒತ್ತಲು ಮೇಲೆ ಕಳಿಸಿ, ಡಬ್ಬಿಯ ಮುಚ್ಚಳ ತೆಗೆದ. ಹಕ್ಕಿ ಕೂಗಿತು. ಮುಚ್ಚಿದ. ಸುಮ್ಮನಾಯಿತು. ಮೂರು ಸಲ ಹಾಗೆ ಮಾಡಿದ.

"ಮೇಡಂನೋರೆ, ಸದ್ದು ಹೊರಗ ಬರಾಕ ತೂತು ಹಾಕೀರಿ. ಆಕಿ ಕರದಿದ್ದು ಒಳಗ ಹೋಗಾಕ ದಾರಿ ಎಲ್ಲೈತ್ರಿ? ತಗಡು ಬಟನ್ನಿನ ಸಿಗ್ನಲ್ ಒಳಗ ಬಿಡಂಗಿಲ್ಲ."

"ದಿನಾ ಪರೀಕ್ಷೆ ಮಾಡ್ತಿದ್ದೆನಲ್ಲ, ಬಸಣ್ಣ."

"ಎಲ್ಲಿಟ್ಟು ಮಾಡ್ತಿದ್ರಿ?"

ನೋಟ್‌ಬುಕ್ಕಿನಲ್ಲಿ ಐದು ದಿನದ 'ಸರಿ' ಸಾಲಾಗಿ ಕೂತಿದ್ದವು.

ಅವನು ಬೆಲ್ಲನ್ನು ಮೆಟ್ಟಿಲಿನ ಬಾಗಿಲ ಮೇಲೆ, ತಗಡುಗಳಿಂದ ದೂರ, ಮರದ ಗೂಟಕ್ಕೆ ತೂಗುಹಾಕಿದ. ಧೂಳಿಗೆ ಬಟ್ಟೆಯ ಚೀಲ ಸಾಕೆಂದ. ಅದೇ ಗುರುತಿನ ಇನ್ನೊಂದು ಬೆಲ್ಲನ್ನು ಅಂಗಡಿಯ ಮುಂಭಾಗದಲ್ಲಿ ಕಟ್ಟಿದ. ಸೆಲ್ಲು ಸಾಯುವ ತನಕ ಕಾಯದೆ ಪ್ರತಿ ತಿಂಗಳು ಒಂದನೇ ತಾರೀಖು ಹೊಸದು ಹಾಕಬೇಕೆಂದ. "ಪರೀಕ್ಷೆ ಮಾಡೋದಿದ್ರ ಇಡೋ ಜಾಗದಾಗ ಇಟ್ಟು, ಸುತ್ತಿಗಿ ಬಡಿಯೋವಾಗ ಮಾಡ್ರಿ" ಎಂದ.

ಶಂಶಾದ್ ಮನೆಗೆ ಬಂದಳು. ಮೊದಲ ವಾರ ಪಿಸುಮಾತು ಮಾತ್ರ. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅಂದಳು:

"ದವಾಖಾನಿಗೆ ಹೋಗೋಕಿಂತ ಎರಡು ದಿನ ಮೊದಲ, ನೀರು ಬೇಕಂತ ಒತ್ತಿದ್ದೆ ಆಪಾ. ನೀ ಬರ್ಲಿಲ್ಲ. ಸಿಟ್ಟಾಗ್ಯಾಳ ಅಂತ ಸುಮ್ನಾದೆ."

ಚಮಚವನ್ನು ಬಟ್ಟಲಲ್ಲಿಟ್ಟೆ.

"ನಂದು ತಪ್ಪಾತು" ಎಂದೆ. ಈ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಲ್ಲ. "ಇನ್ಮ್ಯಾಲೆ ನೀರಿಗೂ ಒತ್ತು, ನೊಣ ಕೂತರೂ ಒತ್ತು."

"ಒತ್ತಿದ್ದು ಮುಟ್ಟದಿದ್ರ?" ಅವಳು ಉಸಿರು ತೆಗೆದುಕೊಂಡಳು. "ನಿನ್ನ ಹಾಸ್ಟೆಲ್‌ನಾಗ ಗೋಡಿ ಹಾರಿ ಹೋದ ಹುಡುಗಿ ಬಂದು, 'ಮೇಡಂ, ನಾ ಇಲ್ಲರೀ' ಅಂತಿದ್ಲೇನು?"

ನಗು ಬಂತು. ನಗು ಮುಗಿಯುವ ಮೊದಲೇ ಅವಳು ಹೇಳಿದ್ದು ಅರ್ಥವಾಯಿತು. ಹಾಜರಿಯಲ್ಲಿ ನಾನು ಇಲ್ಲದವರನ್ನಷ್ಟೇ ಕೂಗಿದ್ದಿಲ್ಲ. ಎಲ್ಲರನ್ನೂ ಕೂಗುತ್ತಿದ್ದೆ, ಉತ್ತರ ಬಾರದ ಕಡೆ ಓಡುತ್ತಿದ್ದೆ.

ಅಂದಿನಿಂದ ಅದೇ ನಿಯಮ. ಎಚ್ಚರವಿದ್ದಾಗ ಶಂಶಾದ್ ಚೆನ್ನಾಗಿದ್ದರೂ ಅರ್ಧ ಗಂಟೆಗೊಮ್ಮೆ ಒತ್ತುತ್ತಾಳೆ. ನಿದ್ದೆ ಮಾಡುವಾಗ ಪಕ್ಕದಲ್ಲಿ ಯಾರಾದರೂ ಇರುತ್ತೇವೆ. ಬೆಲ್ ಕೂಗಿದರೆ ಅವಳು ಇದ್ದಾಳೆ. ಬಿಡದೆ ಕೂಗಿದರೆ, ಇಲ್ಲವೇ ಕೂಗದಿದ್ದರೆ, ಓಡಬೇಕು. ತಪ್ಪು ಬೆಲ್ಲಿನದಾದರೂ ಸರಿ, ಸೆಲ್ಲಿನದಾದರೂ ಸರಿ, ಮೇಲೆ ಹೋಗಿಯೇ ತಿಳಿಯಬೇಕು.

ಕಾಯಿಲೆ ಹೋಗಿಲ್ಲ. ಹೋಗುವುದಿಲ್ಲವಂತೆ. ಸ್ಟಿರಾಯ್ಡಿನಿಂದ ಅವಳ ಮುಖ ಊದಿದೆ, ಸಂಜೆಗೆ ರೆಪ್ಪೆ ಇನ್ನೂ ಇಳಿಯುತ್ತದೆ. ಪ್ರತಿ ಅರ್ಧ ಗಂಟೆ ಹತ್ತಿರವಾದಂತೆ ನನ್ನ ಕೈಯ ಕೆಲಸ ನಿಲ್ಲುತ್ತದೆ. ಹಕ್ಕಿ ಕೂಗಿದ ಮೇಲೆ ಉಸಿರು ಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ಹತ್ತೂವರೆಯಾಯಿತು. ಕೂಗಲಿಲ್ಲ. ಒಲೆ ಆರಿಸಿದೆ. ನಾಲ್ಕನೆಯ ಮೆಟ್ಟಿಲಲ್ಲಿದ್ದಾಗ ತಲೆಯ ಮೇಲೆ ಹಕ್ಕಿ ಕೂಗಿತು. ಅಂಗಡಿಯಿಂದ ಕೆಲಸದವರು ಕೂಗಿದರು: "ಬಂತ್ರೀ ಮೇಡಂ, ಬಂತು! ಓಡಬ್ಯಾಡ್ರಿ!"

ಆದರೂ ಹತ್ತಿದೆ. ಶಂಶಾದ್ ದಿಂಬಿಗೆ ಒರಗಿ, ತೊಡೆಯ ಮೇಲೆ ಒಂದು ತಗಡಿನ ತುಂಡು ಇಟ್ಟುಕೊಂಡಿದ್ದಳು. ಕೈಯಲ್ಲಿ ಬ್ರಷ್.

"ಯಾಕ ತಡಾ ಮಾಡಿದಿ?"

"ಗೆರಿ ನಡುವ ಬಿಡಾಕ ಬರತೈತೇನು, ವಾರ್ಡನ್‌ಸಾಬ್?"

ಬಗ್ಗಿ ನೋಡಿದೆ. ಗೆರೆ ಒಂದೇ ಇತ್ತು.

ಹನ್ನೆರಡರ ಮಾತ್ರೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಕೆಳಗೆ ಅಡುಗೆ ಅರ್ಧಕ್ಕೆ ನಿಂತಿತ್ತು. ಅವಳ ಪಕ್ಕದಲ್ಲಿ ಮಂಚದ ಮೇಲೆ ಕೂತೆ.