ಬಲಗಡೆಯಿಂದ ಅಳಿಸುವ ಸಂಖ್ಯೆ

ನಮ್ಮ ಗಣಿತದ ಮೇಷ್ಟ್ರ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆದು, ಗಕ್ಕನೆ ಎಡಗಾಲಿನ ಮೇಲೇ ತಿರುಗುವುದು ಅವರ ಅಭ್ಯಾಸ. ಗುಂಡ್ಲುಪೇಟೆಯ ನಮ್ಮ ಹೈಸ್ಕೂಲಿನಲ್ಲಿ ಅವರು ಕುರ್ಚಿಯಲ್ಲಿ ಕೂತದ್ದನ್ನು ಕಂಡವರಿಲ್ಲ. ಟೀಯನ್ನೂ ಓಡಾಡುತ್ತಲೇ ಕುಡಿಯುತ್ತಿದ್ದರು. ಕುದೇರಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗುತ್ತಿದ್ದರಂತೆ.

ಒಂಬತ್ತನೇ ತರಗತಿಗೆ ಬಂದವರಿಗೆಲ್ಲ ಅವರು ಒಂದು ಸಂಖ್ಯೆ ಬರೆದು ತೋರಿಸುತ್ತಿದ್ದರು: 73939133. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ ಸಂಖ್ಯೆ. ಕೊನೆಯ ಅಂಕೆ ಅಳಿಸಿದರೆ 7393913. ಅದೂ ಅವಿಭಾಜ್ಯ. ಇನ್ನೊಂದು ಅಳಿಸಿ, ಅದೂ ಅಷ್ಟೆ. ಕಡೆಗೆ ಬರೀ ಏಳು ಉಳಿಯುವತನಕ ಎಲ್ಲವೂ ಅವಿಭಾಜ್ಯವೇ.

"ಇಂಥದ್ರಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ನಾನೇ ಕಂಡಿಡ್ದಿದ್ದು," ಎನ್ನುತ್ತಿದ್ದರು. ವರ್ಷಗಟ್ಟಲೆ ಕೈಯಲ್ಲೇ ಭಾಗಿಸಿ ಭಾಗಿಸಿ ಅಲ್ಲಿಗೆ ತಲುಪಿದ್ದರು.

ನಾನು ಅಣ್ಣನ ಮೊಬೈಲಿನಲ್ಲಿ ಆ ಸಂಖ್ಯೆ ಹಾಕಿ ನೋಡಿದೆ. ಯಾರೋ ಎಂದೋ ಕಂಡುಹಿಡಿದಿದ್ದರು! ಹೇಳಲೇ, ಬೇಡವೇ? ಅನ್ನ ಸೇರಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಹಿಡಿದು ಹೇಳಿಯೇಬಿಟ್ಟೆ.

"ಸಾರ್, ಆ ಸಂಖ್ಯೆನ ಬೇರೆಯವ್ರು ಮೊದ್ಲೇ ಕಂಡಿಡ್ದವ್ರೆ."

ಅವರು ಈರುಳ್ಳಿ ಲಾರಿಗಳ ಪಕ್ಕದಲ್ಲಿ ಹೋದರು, ಬಂದರು, ಮತ್ತೆ ಹೋದರು. ಅವರ ಬಸ್ಸು ಹೊರಟುಹೋಯಿತು. ನನಗೆ ಅಳು ಬಂತು.

ತಿರುಗಿ ಬಂದು ಕೇಳಿದರು: "ಅದುಕ್ಕಿಂತ ದೊಡ್ಡದು ಇಲ್ಲ ಅಂತ್ಲೂ ಆಕವ್ರಾ?"

"ಊಂ ಸಾರ್."

"ಅಂಗಾದ್ರೆ ನನ್ ಲೆಕ್ಕ ಸರಿಯಾಗದೆ ಕಣಮ್ಮಿ!" ಎಂದವರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೇಬಿಟ್ಟರು. ಕಣ್ಣು ಒದ್ದೆಯಾಗಿತ್ತು.

ಮರುದಿನ ಇಡೀ ತರಗತಿಯ ಮುಂದೆ ನನ್ನನ್ನು ನಿಲ್ಲಿಸಿ, "ಇದು ನಂದು ಅಂತಿದ್ದೆ, ನಂದಲ್ಲ. ಈ ಮಗು ತಿದ್ದುತು," ಎಂದರು. ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು. ಅದಕ್ಕೆ ಕಿವಿಗೊಡಲು ಮೇಷ್ಟ್ರಿಗೆ ಪುರುಸೊತ್ತಿರಲಿಲ್ಲ. ಆಗಲೇ ಎಡಗಡೆಯಿಂದ ಅಳಿಸುವ ಸಂಖ್ಯೆಗಳ ಹಿಂದೆ ಬಿದ್ದಿದ್ದರು: 137, 37, 7. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?

"ಇದುನ್ನೂ ಮೊಬೈಲಲ್ಲಿ ನೋಡ್ಬುಟ್ಟು ಏಳ್ಬುಟ್ಟೀಯೆ, ಉಸಾರು!" ಎಂದು ನನ್ನನ್ನು ಗದರಿದರು.

ಕಡೆಯ ಸಲ ಅವರನ್ನು ನೋಡಿದ್ದು ಚಾಮರಾಜನಗರದ ಆಸ್ಪತ್ರೆಯಲ್ಲಿ. ಹೊದಿಕೆಯೊಳಗೆ ಪಾದಗಳು ಆಡುತ್ತಲೇ ಇದ್ದವು.

"ಇನ್ನೂ ಸಿಕ್ಕಿಲ್ಲ ಕಣಮ್ಮಿ. ಉದ್ದುಕ್ಕೂ ಓಯ್ತಾನೆ ಅದೆ," ಎಂದು ಬೇಸರವಿಲ್ಲದೆ, ಆತುರದಿಂದ ಹೇಳಿದರು. ಅದೇ ವಾರ ತೀರಿಕೊಂಡರು.

ನಾನೀಗ ಸಂತೆಮರಹಳ್ಳಿಯಲ್ಲಿ ಗಣಿತ ಹೇಳಿಕೊಡುತ್ತೇನೆ. ಅವರ ಪ್ರಶ್ನೆಗೆ ಉತ್ತರ ಹುಡುಕಲು ಒಂದು ನಿಮಿಷ ಸಾಕು, ಇವತ್ತಿನವರೆಗೂ ನೋಡಿಲ್ಲ. ಅನ್ನಕ್ಕಿಟ್ಟು ಕಾಯುವಾಗ, ನಿದ್ದೆ ಬರಬೇಕಾದ ಹೊತ್ತಿನಲ್ಲಿ, 9137ರ ಎಡಕ್ಕೆ ಇನ್ನೊಂದು ಅಂಕೆ ಇಟ್ಟು ಭಾಗಿಸುತ್ತಿರುತ್ತೇನೆ. ನನ್ನ ನೆಮ್ಮದಿ ಕೆಡಿಸಿದ ಮೇಷ್ಟ್ರು ಅವರೊಬ್ಬರೇ. ಆ ಋಣ ತೀರುವಂಥದ್ದಲ್ಲ.