ಸುಡದ ಸುಣ್ಣ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬೆಂಕಿಗಿಂತ ಹೆಚ್ಚಾಗಿ ಸುಣ್ಣಕ್ಕೆ ಹೆದರುತ್ತಿದ್ದೆವು. ಇವತ್ತಿನ ಕುಶಾಲನಗರಕ್ಕೆ ಆಗ ಫ್ರೇಸರ್‌ಪೇಟೆ ಎನ್ನುತ್ತಿದ್ದರು. ಅದರ ಹೊರಗೆ, ಕಾವೇರಿಗೆ ಸೇರುವ ಒಂದು ಹಳ್ಳದ ಪಕ್ಕ ಅಪ್ಪನ ಸುಣ್ಣದ ಗೂಡಿತ್ತು. ಹಳ್ಳದ ದಂಡೆಯಲ್ಲಿ ಸಿಗುವ ಸುಣ್ಣಕಲ್ಲನ್ನೂ ಸೌದೆಯನ್ನೂ ಪದರಪದರವಾಗಿ ಜೋಡಿಸಿ ಅಪ್ಪ ಸುಡುತ್ತಿದ್ದರು. ದೊರೆಗಳ ಬಂಗಲೆಗೂ ಎಸ್ಟೇಟಿನ ಕೂಲಿಗಳ ಲೈನುಮನೆಗಳಿಗೂ ನಮ್ಮ ಸುಣ್ಣವೇ ಹೋಗುತ್ತಿತ್ತು.

ಸುಟ್ಟ ಸುಣ್ಣದ ಕಲ್ಲು ನೋಡಲು ತಣ್ಣಗಿರುತ್ತದೆ. ಒಂದು ಚೊಂಬು ನೀರು ಬಿದ್ದರೆ ಸಾಕು, ಬುಸ್ಸೆಂದು ಹೊಗೆಯಾಡಿ ಕುದಿಯುತ್ತದೆ. ಗೂಡಿನ ಕೆಲಸದವನೊಬ್ಬನ ಅಂಗೈ ಹಾಗೆಯೇ ಬೆಂದು ಸುರುಟಿಕೊಂಡಿತ್ತು. ಅದನ್ನು ತೋರಿಸಿ ಅಪ್ಪ, "ಸುಣ್ಣ ಮುಟ್ಟಿದ ಕೈ ನೀರಿಗಿಟ್ಟೀಯ, ಜೋಕೆ!" ಎನ್ನುತ್ತಿದ್ದರು. ನಾನು ಶಾಲೆಗೆ ಹೋದದ್ದು ಸ್ವಲ್ಪವೇ ಕಾಲ. ಅಲ್ಲಿ ಕಲಿತದ್ದೆಲ್ಲ ಮರೆತಿದೆ, ಈ ಮಾತು ಮರೆತಿಲ್ಲ.

ಮಳೆಗಾಲ ಮುಗಿದ ಹೊಸತು. ಅಕ್ಕನೂ ನಾನೂ ಬುಟ್ಟಿ ಹಿಡಿದು ಸುಣ್ಣಕಲ್ಲು ಆಯಲು ಹಳ್ಳದ ಮೇಲಕ್ಕೆ ಹೋದೆವು. ಅಲ್ಲಿ ದಂಡೆಯ ಕಡಿದಾದ ದರೆಯ ಕೆಳಗೆ ಗವಿಯಂಥದೊಂದು ಪೊಟರೆ. ಒಳಗೆ ಕತ್ತಲೆ, ಹಸಿ ಮಣ್ಣಿನ ವಾಸನೆ, ಮೇಲಿನಿಂದ ತೊಟ್ಟಿಕ್ಕುವ ನೀರು. ಅದರ ಅಡಿಯ ಗುಂಡಿಯಲ್ಲಿ ಗಟ್ಟಿ ಮೊಸರಿನಂಥ ಬಿಳಿ ಕೆಸರು ತುಂಬಿತ್ತು. ಅಂಚಿಗೆಲ್ಲ ಹಸಿರು ಲೋಳೆ. ಬಿದ್ದ ತರಗೆಲೆಗಳ ಮೇಲೂ ಬಿಳಿ ಹಕ್ಕಳೆ ಕಟ್ಟಿತ್ತು.

"ಅಕ್ಕಾ, ಬೇಡ. ಸುಣ್ಣ ಅದು!"

"ಸುಮ್ನಿರೋ ಪುಕ್ಕಲ! ಇಷ್ಟು ಸುಣ್ಣ ನೋಡಿದ್ರೆ ಅಪ್ಪ ಕುಣೀತಾರೆ. ಬುಟ್ಟಿ ಕೊಡಿಲ್ಲಿ."

ಅಂಚಿನ ಲೋಳೆಯ ಮೇಲೆ ಕಾಲಿಟ್ಟವಳೇ ಜಾರಿದಳು. ಸೊಂಟದವರೆಗೆ ಹೂತು, ಮೊದಲು ನಕ್ಕಳು. ಕೆಸರು ಎದೆಗೆ ಬಂದಾಗ ನಗು ನಿಂತಿತು.

"ಕೈ ಕೊಡೋ! ಕಾಲಿಗೆ ನೆಲ ಸಿಕ್ತಿಲ್ಲ!"

ಕೊಟ್ಟೆ. ಅವಳ ಕೈ ಮೊಣಕೈವರೆಗೆ ಬಿಳಿಯಾಗಿತ್ತು, ಅದರಿಂದ ನೀರು ಸುರಿಯುತ್ತಿತ್ತು. ಸುಣ್ಣ ಮತ್ತು ನೀರು! ಇನ್ನೇನು ಕುದಿಯುತ್ತದೆ, ಅಕ್ಕ ಬೇಯುತ್ತಾಳೆ, ಜೊತೆಗೆ ನನ್ನ ಕೈಯೂ. ಎಲ್ಲೋ ಬುಸ್ಸೆಂದ ಹಾಗೆ ಕೇಳಿಸಿತು. ನಾನು ಕೈ ಕಿತ್ತುಕೊಂಡು ಓಡಿದೆ. ಹಿಂದಿನಿಂದ ಅವಳು ನನ್ನ ಹೆಸರು ಹಿಡಿದು ಕೂಗುತ್ತಲೇ ಇದ್ದಳು.

ಗೂಡಿನ ಹತ್ತಿರ ಅಪ್ಪ ಸೌದೆ ಸೀಳುತ್ತಿದ್ದರು. "ಅಕ್ಕ ಎಲ್ಲೋ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ. ನಿಜ ಹೇಳಿದರೆ ಕೈ ಬಿಟ್ಟದ್ದನ್ನೂ ಹೇಳಬೇಕಿತ್ತು. ಸೌದೆ ರಾಶಿಯ ಹಿಂದೆ ಅಡಗಿ ಕೂತೆ. ಹಲ್ಲು ಕಟಕಟ ಎನ್ನುವುದು ಅಪ್ಪನಿಗೆ ಕೇಳಿಸೀತೆಂದು ಅಂಗಿಯ ತುದಿ ಕಚ್ಚಿಕೊಂಡೆ.

ಹೊತ್ತು ಇಳಿಯುವಾಗ ಅಕ್ಕ ತಾನೇ ನಡೆದು ಬಂದಳು. ಕುತ್ತಿಗೆಯಿಂದ ಪಾದದವರೆಗೆ ಬಿಳಿ ಬಿಳಿ, ಒಣಗಿ ಬಿರುಕು ಬಿಟ್ಟಿತ್ತು. ಮರದ ಬೇರು ಹಿಡಿದು ಮೇಲೆ ಬರುವಾಗ ಉಗುರುಗಳು ಕಿತ್ತುಹೋಗಿ ಬೆರಳೆಲ್ಲ ರಕ್ತ. ಅಪ್ಪ ಕೊಡ ಎತ್ತಿದರು.

"ನೀರು ಹಾಕ್ಬೇಡಿ ಅಪ್ಪಾ, ಬೆಂದು ಹೋಗ್ತಾಳೆ!" ನಾನು ಕಿರುಚಿ ಕಣ್ಣು ಮುಚ್ಚಿಕೊಂಡೆ.

ನೀರು ಬಿದ್ದ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಗೂಡು ಕಾಣದ ಸುಣ್ಣ ಸುಡುತ್ತೇನೋ ಪೆದ್ದ? ಹಸೀದು ಇದು," ಎಂದರು ಅಪ್ಪ. ಆಮೇಲೆ ಅಕ್ಕನ ಬೆರಳು ನೋಡಿ ಅವರ ದನಿ ಬದಲಾಯಿತು. "ಇವನು ನಿನ್ ಜೊತೆ ಇರ್ಲಿಲ್ವಾ?"

ಅಕ್ಕ ನನ್ನನ್ನೇ ನೋಡಿದಳು. "ಇಲ್ಲಪ್ಪ. ನಾನೊಬ್ಳೇ ಹೋಗಿದ್ದೆ."

ಕಳೆದ ರಜೆಯಲ್ಲಿ ಮೊಮ್ಮಕ್ಕಳಾದ ನಿಮ್ಮನ್ನು ಆ ಪೊಟರೆಗೆ ಕರೆದೊಯ್ದಾಗ ನೀವು ಹಗ್ಗ ಕಟ್ಟಿಕೊಂಡು, ನಗುತ್ತಾ ಆ ಕೆಸರನ್ನು ಬರಿಗೈಯಲ್ಲಿ ತೆಗೆದಿರಿ. ಲೋಳೆಯನ್ನು ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿ ಬಂದು, "ತಾತ, ಅದ್ರ ತುಂಬಾ ಬ್ಯಾಕ್ಟೀರಿಯಾ! ನೀರಲ್ಲಿ ಕರಗಿರೋ ಸುಣ್ಣ ಕಲ್ಲಾಗಿ ಕೂರೋದಕ್ಕೆ ಅವೂ ಸಹಾಯ ಮಾಡ್ತವೆ," ಎಂದಿರಿ. ಕಣ್ಣಿಗೆ ಕಾಣದ ಜೀವಗಳು ಅಲ್ಲಿ ತಮ್ಮ ಪಾಡಿಗೆ ತಣ್ಣಗೆ ಕೆಲಸ ಮಾಡುತ್ತಿದ್ದವಂತೆ. ನಮಗೆ ಬೆಂಕಿಯ ಸುಣ್ಣವೊಂದೇ ಗೊತ್ತಿತ್ತು. ನೀವು ಹತ್ತಿರ ಹೋಗಿ ನೋಡುತ್ತೀರಿ. ನಾನು ಓಡಿದೆ.

ಅಕ್ಕ ಕೊನೆಯವರೆಗೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಅವಳಿಲ್ಲ, ಅಪ್ಪನೂ ಇಲ್ಲ. ನಿಮಗಾದರೂ ಹೇಳುತ್ತೇನೆ ಮಕ್ಕಳೇ, ಅವತ್ತು ನಾನು ಅಲ್ಲಿದ್ದೆ.